ಬಚ್ಚಲೊಲೆ, ಅಟ್ಟದ ಡಬ್ಬಿ, ಊಟದ ತಟ್ಟೆ: ಹಾಳಾಗದೆ ಉಳಿಯುವ ಕ್ಲೋರಿನ್ ವಿಷಗಳಿಂದ ಮನೆ ಕಾಯುವುದು ಹೇಗೆ

ಡಿಡಿಟಿ, ಬಿ.ಎಚ್.ಸಿ. ಪುಡಿ, ಎಂಡ್ರಿನ್, ಎಂಡೋಸಲ್ಫಾನ್. ಈ ಹೆಸರುಗಳನ್ನು ಕೇಳದ ಮನೆ ಉತ್ತರ ಕನ್ನಡದಲ್ಲಿ ಕಡಿಮೆ. ತೋಟಕ್ಕೆ, ಗದ್ದೆಗೆ ಇವನ್ನು ಹಾಕಬಾರದು ಅಂತ ಕಾನೂನು ಬಂದು ಎಷ್ಟೋ ವರ್ಷ ಆಯಿತು. ಈಗ ಯಾಕೆ ಆ ಮಾತು ಅಂತ ನೀವು ಕೇಳಬಹುದು. ಅಂಗಡಿಯಿಂದ ಹೋದ ವಿಷ ಎಷ್ಟೋ ಮನೆಗಳ ಅಟ್ಟದಿಂದ ಇನ್ನೂ ಹೋಗಿಲ್ಲ, ಅದಕ್ಕೆ. ಇದೇ ಜಾತಿಯ ಇನ್ನೊಂದು ವಿಷ ಡಯಾಕ್ಸಿನ್. ಅದನ್ನು ಯಾರೂ ಬೇಕು ಅಂತ ತಯಾರಿಸುವುದಿಲ್ಲ. ಪ್ಲಾಸ್ಟಿಕ್ ಸುಟ್ಟಲ್ಲಿ ತಾನಾಗಿ ಹುಟ್ಟುತ್ತದೆ. ನಮ್ಮ ಬಚ್ಚಲೊಲೆಯಲ್ಲೂ ಹುಟ್ಟುತ್ತದೆ.

ಮೈಗೆ ಸೇರಿದ ಇಂಥ ವಿಷವನ್ನು ಹೊರಗೆ ತೆಗೆಯುವ ಸುಲಭ ದಾರಿ ಇಲ್ಲ. ಒಳಗೆ ಹೋಗದ ಹಾಗೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಅದಕ್ಕೆ ದುಡ್ಡು ಜಾಸ್ತಿ ಬೇಡ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಗೊತ್ತಿದ್ದರೆ ಸಾಕು.

ಮೊದಲು ಇವುಗಳ ಗುಣ ತಿಳಿಯಿರಿ

ಇವೆಲ್ಲ ಇಂಗಾಲಕ್ಕೆ ಕ್ಲೋರಿನ್ ಗಟ್ಟಿಯಾಗಿ ಕಚ್ಚಿಕೊಂಡಿರುವ ರಾಸಾಯನಿಕಗಳು. ಆ ಹಿಡಿತ ಬಿಡಿಸುವುದು ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕಷ್ಟ, ನಮ್ಮ ಲಿವರಿಗೂ ಕಷ್ಟ. ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ಮೂತ್ರದಲ್ಲಿ ಹೋಗುವುದಿಲ್ಲ. ಕೊಬ್ಬಿನಲ್ಲಿ ಕರಗುತ್ತವೆ, ಹಾಗಾಗಿ ಮೈಯ ಕೊಬ್ಬಿನಲ್ಲೇ ಕೂರುತ್ತವೆ. ಮಣ್ಣಿಗೆ ಬಿದ್ದ ಡಿಡಿಟಿ ಅರ್ಧಕ್ಕೆ ಇಳಿಯಲು, ಮಣ್ಣು ಮತ್ತು ಹವೆ ನೋಡಿಕೊಂಡು, 15 ವರ್ಷದವರೆಗೂ ಬೇಕಾಗಬಹುದು. ಮನುಷ್ಯರ ಮೈ ಸೇರಿದ ಡಯಾಕ್ಸಿನ್ ಅರ್ಧ ಆಗಲು 7ರಿಂದ 11 ವರ್ಷ ಹಿಡಿಯುತ್ತದೆ.

ಕೊಬ್ಬಿನಲ್ಲಿ ಕೂರುವ ಈ ಗುಣದಿಂದಲೇ ಇನ್ನೊಂದು ತೊಂದರೆ. ನೀರಿನ ಪಾಚಿಯಲ್ಲಿ ಒಂದಿಷ್ಟು ವಿಷ ಇದ್ದರೆ ಅದನ್ನು ತಿಂದ ಸಣ್ಣ ಮೀನಿನಲ್ಲಿ ಅದಕ್ಕಿಂತ ಜಾಸ್ತಿ. ಸಣ್ಣ ಮೀನು ತಿಂದ ದೊಡ್ಡ ಮೀನಿನಲ್ಲಿ ಮತ್ತೂ ಜಾಸ್ತಿ. ಗಾಳಿಯಲ್ಲಿ, ಸಮುದ್ರದ ಪ್ರವಾಹದಲ್ಲಿ ಇವು ಸಾವಿರಾರು ಮೈಲಿ ಹೋಗುತ್ತವೆ. ಉತ್ತರ ಧ್ರುವದ ಹಿಮಕರಡಿಯ ಕೊಬ್ಬಿನಲ್ಲೂ ಸಿಕ್ಕಿವೆ. ಅಲ್ಲಿ ಯಾರೂ ಬೆಳೆಗೆ ಔಷಧ ಹೊಡೆದವರಲ್ಲ, ಅಲ್ವಾ?

ಹೀಗಾಗಿ 2001ರಲ್ಲಿ ದೇಶಗಳೆಲ್ಲ ಸೇರಿ ಸ್ಟಾಕ್‌ಹೋಮ್ ಒಪ್ಪಂದ ಮಾಡಿಕೊಂಡವು. ಮೊದಲ ಪಟ್ಟಿಯಲ್ಲಿ 12 ವಿಷಗಳಿದ್ದವು. ಡಿಡಿಟಿ, ಆಲ್ಡ್ರಿನ್, ಎಂಡ್ರಿನ್, ಪಿಸಿಬಿ (ಹಿಂದೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ರಾಸಾಯನಿಕ), ಡಯಾಕ್ಸಿನ್ ಎಲ್ಲ ಅದರಲ್ಲಿವೆ. ಭಾರತ 2006ರಲ್ಲಿ ಒಪ್ಪಂದಕ್ಕೆ ಸೇರಿತು. ಬಿ.ಎಚ್.ಸಿ.ಯ ಮುಖ್ಯ ಅಂಶಗಳು 2009ರಲ್ಲಿ, ಎಂಡೋಸಲ್ಫಾನ್ 2011ರಲ್ಲಿ ಪಟ್ಟಿಗೆ ಬಂದವು.

ಡಿಡಿಟಿಯ ಬಗ್ಗೆ ಒಂದು ಮಾತು ನ್ಯಾಯವಾಗಿ ಹೇಳಲೇಬೇಕು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದ ಕೆನರಾ ಜಿಲ್ಲೆ. ಮಲೇರಿಯಾದಿಂದ ಘಟ್ಟದ ಊರುಗಳು ಖಾಲಿಯಾಗುತ್ತಿದ್ದ ಕಾಲ ಅದು. 1946ರ ಹೊತ್ತಿಗೆ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿ ಮನೆಗಳ ಗೋಡೆಗೆ ಡಿಡಿಟಿ ಹೊಡೆದರು. ದೇಶದಲ್ಲಿ ಹಳ್ಳಿಗಾಡಿನಲ್ಲಿ ದೊಡ್ಡ ಮಟ್ಟದಲ್ಲಿ ಹೀಗೆ ಮಾಡಿದ ಮೊದಲ ಕೆಲಸಗಳಲ್ಲಿ ಇದೂ ಒಂದು. ಅದರಿಂದ ಎಷ್ಟೋ ಜೀವ ಉಳಿಯಿತು. ನಮ್ಮ ಅಜ್ಜ ಅಜ್ಜಿಯರು ಆ ಪುಡಿಯನ್ನು ನಂಬಿದ್ದು ಸುಮ್ನೆ ಅಲ್ಲ. ತೊಂದರೆ ಆಗಿದ್ದು ಅದೇ ನಂಬಿಕೆಯಲ್ಲಿ ಭತ್ತದ ಕಣಜಕ್ಕೆ, ಹೇನಿನ ತಲೆಗೆ, ತೋಟಕ್ಕೆ ಎಲ್ಲ ಕಡೆ ಸುರಿದಾಗ. ಕೃಷಿಗೆ ಡಿಡಿಟಿ ಬಳಸುವುದು ನಮ್ಮ ದೇಶದಲ್ಲಿ 1989ರಲ್ಲೇ ನಿಷೇಧ ಆಯಿತು.

ಕ್ಲೋರಿನ್ ಅಂದ ಕೂಡಲೆ ಎಲ್ಲದಕ್ಕೂ ಹೆದರಬೇಡಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇರೆ, ಇದು ಬೇರೆ. ಹೇಳಿದ ಅಳತೆಯಲ್ಲಿ ಹಾಕುತ್ತಿದ್ದರೆ ಮುಂದುವರಿಸಿ, ಅದು ವಾಂತಿಭೇದಿಯಿಂದ ಕಾಯುತ್ತದೆ. ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು, ಈ ಗುಂಪಿಗೆ ಸೇರುವುದಿಲ್ಲ. ಮಂಗನ ಕಾಯಿಲೆ ಇರುವ ಊರುಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಎಣ್ಣೆಯೂ ಈ ಜಾತಿಯದಲ್ಲ. ಕಾಡಿಗೆ ಹೋಗುವವರು ಅದನ್ನು ಬಿಡಬೇಡಿ.

ಮೈಗೆ ಏನು ಮಾಡುತ್ತವೆ

ಒಂದು ದಿನದ ಹೊಗೆಯಿಂದ ಕಾಯಿಲೆ ಬೀಳುವುದಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೇರಿದ್ದು ಮುಂದೆ ಯಾವತ್ತೋ ತೋರಿಸುತ್ತದೆ. ಹಾಗಾಗಿಯೇ ಇದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ.

ಒಮ್ಮೆಲೇ ಜಾಸ್ತಿ ವಿಷ ತಗುಲಿದ ಊರುಗಳಿಂದ ಸಾಕಷ್ಟು ಗೊತ್ತಾಗಿದೆ. 1968ರಲ್ಲಿ ಜಪಾನಿನ ಒಂದು ಕಾರ್ಖಾನೆಯಲ್ಲಿ ಅಕ್ಕಿ ತೌಡಿನ ಎಣ್ಣೆ ಬಿಸಿ ಮಾಡುವ ಕೊಳವೆ ಸೋರಿ ಅದರೊಳಗಿದ್ದ ಪಿಸಿಬಿ ಆ ಎಣ್ಣೆಗೆ ಸೇರಿತು. ಅದನ್ನು ಅಡಿಗೆಗೆ ಬಳಸಿದವರ ಮುಖ, ಬೆನ್ನಿನ ಮೇಲೆ ವಾಸಿಯಾಗದ ಮೊಡವೆಗಳೆದ್ದವು. ಬಸುರಿಯರಿಗೆ ಹುಟ್ಟಿದ ಕೆಲವು ಕೂಸುಗಳ ಚರ್ಮ ಕಪ್ಪಿಟ್ಟಿತ್ತು. 1976ರಲ್ಲಿ ಇಟಲಿಯ ಸೆವೆಸೊದಲ್ಲಿ ರಾಸಾಯನಿಕ ಕಾರ್ಖಾನೆಯಿಂದ ಡಯಾಕ್ಸಿನ್ ಮೋಡ ಎದ್ದಿತು. ಸುಮಾರು 200 ಜನಕ್ಕೆ ಅದೇ ಥರದ ಮೊಡವೆ ರೋಗ ಬಂತು, ಅವರಲ್ಲಿ ಹೆಚ್ಚಿನವರು ಮಕ್ಕಳು.

ನಮ್ಮ ಪಕ್ಕದಲ್ಲೇ ಆದದ್ದು ಎಂಡೋಸಲ್ಫಾನ್ ಕಥೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದರು. ದಕ್ಷಿಣ ಕನ್ನಡದ ಕೊಕ್ಕಡ ಕಡೆಯ ಗೇರು ತೋಟಗಳಿಗೂ ಹೀಗೇ ಆಯಿತು. ಬುದ್ಧಿ ಬೆಳೆಯದ, ಕೈಕಾಲು ಸ್ವಾಧೀನ ಇಲ್ಲದ ಮಕ್ಕಳನ್ನು ಎತ್ತಿಕೊಂಡು ತಿರುಗುವ ತಾಯಂದಿರನ್ನು ಆ ಊರುಗಳಲ್ಲಿ ಇವತ್ತಿಗೂ ನೋಡಬಹುದು. ಕಾಸರಗೋಡಿನ ಗಂಡುಹುಡುಗರ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ಮಾಡಿತು. ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿರುವುದು, ರಕ್ತದಲ್ಲಿ ಎಂಡೋಸಲ್ಫಾನ್ ಉಳಿದಿರುವುದು ಕಂಡುಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸುವ ಹಾಗೆ ಇದನ್ನು ತಡೆಯಿತು.

ಒಟ್ಟಾರೆ ಈ ಗುಂಪಿನ ವಿಷಗಳು ಥೈರಾಯ್ಡ್ ಮತ್ತು ಬೇರೆ ಹಾರ್ಮೋನುಗಳ ಕೆಲಸ ಕೆಡಿಸುತ್ತವೆ. ರೋಗ ತಡೆಯುವ ಶಕ್ತಿ ಕುಗ್ಗಿಸುತ್ತವೆ. ಲಿವರಿಗೆ ಪೆಟ್ಟು ಕೊಡುತ್ತವೆ. ಬಸಿರಲ್ಲಿರುವ ಮಗುವಿನ ಮಿದುಳಿಗೆ ಇವುಗಳಿಂದ ಅಪಾಯ ಜಾಸ್ತಿ. ಡಯಾಕ್ಸಿನ್‌ಗಳಲ್ಲಿ ಅತಿ ಘೋರವಾದದ್ದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲಿ ಹೇಳಿತು. 2015ರಲ್ಲಿ ಬಿ.ಎಚ್.ಸಿ.ಯದೇ ಒಂದು ರೂಪವಾದ ಲಿಂಡೇನನ್ನೂ ಅದೇ ಸಾಲಿಗೆ ಸೇರಿಸಿತು. ಡಿಡಿಟಿಯಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂತಲೂ ಆಗಲೇ ಹೇಳಿತು.

ಮೊದಲ ಕೆಲಸ: ಅಟ್ಟ ಹತ್ತಿ ನೋಡಿ

ಹಳೆ ಮನೆಯ ಅಟ್ಟ, ಕೊಟ್ಟಿಗೆಯ ಮೂಲೆ, ಪಂಪ್‌ಶೆಡ್, ಅಡಿಕೆ ಬೇಯಿಸುವ ಒಲೆಯ ಹಿಂದಿನ ಹಲಗೆ. ಈ ನಾಲ್ಕು ಕಡೆ ಹುಡುಕಿ. ಸಿಗುವುದು ಹೆಚ್ಚಾಗಿ ತುಕ್ಕು ಹಿಡಿದ ತಗಡಿನ ಡಬ್ಬಿ ಅಥವಾ ಕಂದು ಬಾಟಲಿ. ಲೇಬಲ್ಲನ್ನು ಹುಳ ತಿಂದು ಅರ್ಧ ಅಕ್ಷರ ಉಳಿದಿರುತ್ತದೆ. ಬಿ.ಎಚ್.ಸಿ. ಅಥವಾ ಗ್ಯಾಮೆಕ್ಸಿನ್ ಆದರೆ ಬೂದು ಬಣ್ಣದ ಪುಡಿ, ಹತ್ತಿರ ಹೋದರೇ ಮುಗ್ಗಲು ವಾಸನೆ ಬರುತ್ತದೆ. ಮೂಗಿಗೆ ಹಿಡಿದು ನೋಡಬೇಡಿ. ಯಾವುದು ಅಂತ ಗೊತ್ತಾಗದ ಪುಡಿಯನ್ನು ವಿಷ ಅಂತಲೇ ತಿಳಿಯಿರಿ.

ಈ ಕೆಲಸಕ್ಕೆ ಮಕ್ಕಳನ್ನು ಅಟ್ಟಬೇಡಿ, ಬಸುರಿಯರು ಹತ್ತಬೇಡಿ. ರಬ್ಬರ್ ಕೈಗವಸು, ಮಾಸ್ಕ್, ಉದ್ದ ತೋಳಿನ ಹಳೆ ಅಂಗಿ ಹಾಕಿಕೊಳ್ಳಿ. ಡಬ್ಬಿಯ ಮುಚ್ಚಳ ತೆಗೆಯಲು ಹೋಗಬೇಡಿ. ಬಿಗಿ ಮುಚ್ಚಳ ಇರುವ ಗಟ್ಟಿ ಬಕೆಟ್ ತಗೊಂಡು, ತಳಕ್ಕೆ ಮರದ ಹೊಟ್ಟು ಅಥವಾ ಒಣ ಮಣ್ಣು ಹಾಕಿ, ಡಬ್ಬಿಯನ್ನು ಇದ್ದ ಹಾಗೇ ನಿಲ್ಲಿಸಿ. ಸುತ್ತ ಮತ್ತೆ ಹೊಟ್ಟು ತುಂಬಿ ಮುಚ್ಚಿ. ಪುಡಿ ಚೆಲ್ಲಿದ್ದರೆ ಒಣ ಹಿಡಿಯಿಂದ ಗುಡಿಸಬೇಡಿ, ಧೂಳೆದ್ದು ಮನೆ ತುಂಬಾ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಅದೇ ಬಕೆಟ್ಟಿಗೆ ಹಾಕಿ. ಮೇಲೆ ದಪ್ಪ ಅಕ್ಷರದಲ್ಲಿ ವಿಷ ಅಂತ ಬರೆದು, ಹೆಸರು ಗೊತ್ತಿದ್ದರೆ ಅದನ್ನೂ ಬರೆದು, ಬೀಗ ಇರುವ ಜಾಗದಲ್ಲಿಡಿ. ಕಾಳಿ, ಗಂಗಾವಳಿ, ಅಘನಾಶಿನಿ ದಂಡೆಯವರು ನೆರೆ ನೀರು ತಲುಪದ ಎತ್ತರದಲ್ಲಿಡಬೇಕು. 2019ರ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ನಿಮಗೇ ಗೊತ್ತಿದೆ.

ಹುಗಿಯಬೇಡಿ. ಸುಡಬೇಡಿ. ಹಳ್ಳಕ್ಕೆ ಸುರಿಯಬೇಡಿ. ಹುಗಿದರೆ ಬಾವಿಗೆ ದಾರಿ ಆಗುತ್ತದೆ. ಸುಟ್ಟರೆ ಇನ್ನೂ ಕೆಟ್ಟ ವಿಷವಾಗಿ ಗಾಳಿಗೆ ಹೋಗುತ್ತದೆ. ಎಂಡೋಸಲ್ಫಾನ್ ಹಳ್ಳಕ್ಕೆ ಬಿದ್ದರೆ ಸ್ವಲ್ಪವೇ ಆದರೂ ಮೀನು ಸಾಯುತ್ತದೆ.

ಆಮೇಲೆ ಲೇಬಲ್ಲಿನ ಫೋಟೋ ಸಹಿತ ಅರ್ಜಿ ಬರೆಯಿರಿ. ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಂದು, ಕಾರವಾರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಒಂದು. ಯಾವ ವಿಷ ಅಂತ ತಿಳಿಯಲು ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು. ಒಂದು ಮನೆಯ ಅರ್ಧ ಕಿಲೋ ಪುಡಿಗಾಗಿ ಯಾರೂ ಗಾಡಿ ಕಳಿಸುವುದಿಲ್ಲ, ಇದು ಗೊತ್ತಿರಲಿ. ನನ್ನ ಸಲಹೆ ಅಂದರೆ ಸೊಸೈಟಿಯ ಮಹಾಸಭೆಯಲ್ಲಿ ವಿಷಯ ಎತ್ತಿ. ನಮ್ಮಲ್ಲಿ ಅಡಿಕೆ ಬೆಳೆಗಾರರೆಲ್ಲ ಒಂದಲ್ಲ ಒಂದು ಸೊಸೈಟಿಯ ಸದಸ್ಯರೇ. ಯಾರ ಮನೆಯಲ್ಲಿ ಏನಿದೆ, ಎಷ್ಟಿದೆ ಅಂತ ಒಂದೇ ಪಟ್ಟಿ ಮಾಡಿ ಸಂಘದ ಲೆಟರ್‌ಹೆಡ್‌ನಲ್ಲಿ ಕಳಿಸಿದರೆ ಅದಕ್ಕೆ ತೂಕ ಇರುತ್ತದೆ. ಇಂಥ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವ ಘಟಕ ಬೆಂಗಳೂರು ಗ್ರಾಮಾಂತರದ ದಾಬಸ್‌ಪೇಟೆಯಲ್ಲಿದೆ. ಊರಿನ ವಿಷ ಒಟ್ಟಾಗಿ ಅಂಥಲ್ಲಿಗೆ ಹೋಗಬೇಕೇ ಹೊರತು ಹಿತ್ತಲ ಗುಂಡಿಗಲ್ಲ.

ತೆಂಗು, ಅಡಿಕೆಯ ನುಸಿಗೆ ತಂದಿಟ್ಟ ಡೈಕೋಫಾಲ್ ಬಾಟಲಿ ಇದ್ದರೆ ಅದನ್ನೂ ಇದೇ ಬಕೆಟ್ಟಿಗೆ ಸೇರಿಸಿ. ಅದನ್ನು ಡಿಡಿಟಿಯಿಂದಲೇ ತಯಾರಿಸುತ್ತಿದ್ದರು. 2019ರಲ್ಲಿ ಒಪ್ಪಂದದ ಪಟ್ಟಿಗೆ ಸೇರಿತು, 2023ರಲ್ಲಿ ನಮ್ಮ ದೇಶದಲ್ಲೂ ನಿಷೇಧ ಆಯಿತು.

ಬಾಟಲಿಯ ಮೇಲಿನ ಬಣ್ಣದ ಗುರುತು ನೋಡಿ ಮೋಸ ಹೋಗಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣ ಇರುತ್ತವೆ. ಕುಡಿದರೆ ಅಥವಾ ಮೈಗೆ ತಾಗಿದರೆ ಆಗಿಂದಾಗ್ಗೆ ಎಷ್ಟು ಅಪಾಯ ಅನ್ನುವುದಕ್ಕೆ ಮಾತ್ರ ಆ ಗುರುತು. ಇಪ್ಪತ್ತು ವರ್ಷ ಮೈಯಲ್ಲಿ ಉಳಿದು ಏನು ಮಾಡುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ.

ಎರಡನೇ ಕೆಲಸ: ಬಚ್ಚಲೊಲೆಗೆ ಪ್ಲಾಸ್ಟಿಕ್ ನಿಲ್ಲಿಸಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನೇ ಮಾಡಿ.

ಮಳೆಗಾಲದ ಬೆಳಿಗ್ಗೆ. ಕಟ್ಟಿಗೆ ಹಸಿ, ಹಂಡೆಯ ನೀರು ಕೊರೆಯುತ್ತಿದೆ, ಮಕ್ಕಳು ಸ್ನಾನ ಮಾಡಿ ಶಾಲೆಗೆ ಹೋಗಬೇಕು. ಬೆಂಕಿ ಹತ್ತುವುದಿಲ್ಲ. ಕೈಗೆ ಸಿಗುವುದು ಹಾಲಿನ ಕೊಟ್ಟೆ, ಚಿಪ್ಸ್ ಪ್ಯಾಕೆಟ್ಟು, ಕಟ್ಟಿಗೆ ರಾಶಿ ಮುಚ್ಚಿದ್ದ ಫ್ಲೆಕ್ಸಿನ ಹರಿದ ತುಂಡು. ತುರುಕಿದರೆ ಬೆಂಕಿ ಭಗ್ ಅಂತ ಹತ್ತುತ್ತದೆ. ಕಪ್ಪು ಹೊಗೆ ಬಚ್ಚಲುಮನೆ ತುಂಬಿ, ಹೆಂಚಿನ ಸಂದಿಯಿಂದ ಅಡಿಗೆಮನೆಗೂ ಬರುತ್ತದೆ. ಒಲೆ ಮುಂದೆ ಕೂತವರು ಮನೆಯ ಹೆಂಗಸರು, ಚಳಿ ಕಾಯಿಸಲು ಬಂದ ಮಕ್ಕಳು. ಆ ಹೊಗೆ ಮೊದಲು ಹೋಗುವುದು ಅವರ ಎದೆಗೆ.

ಡಯಾಕ್ಸಿನ್ ಹುಟ್ಟಲು ಬೇಕಾದದ್ದು ಕ್ಲೋರಿನ್, ಅರೆಬರೆ ಉರಿ, ಮಸಿ. ಸುಮಾರು 200ರಿಂದ 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಚೆನ್ನಾಗಿ ಹುಟ್ಟುತ್ತದೆ. ಅದನ್ನು ನಾಶ ಮಾಡಲು 850 ಡಿಗ್ರಿಗಿಂತ ಜಾಸ್ತಿ ಬೇಕು. ಹೊಗೆಯಾಡುವ ಒಲೆಯಲ್ಲಿ, ಅಂಗಳದ ಕಸದ ಗುಡ್ಡೆಯಲ್ಲಿ ಆ ಶಾಖ ನಿಲ್ಲುವುದಿಲ್ಲ. ಚೆನ್ನಾಗಿ ಉರಿದರೆ ಏನೂ ಉಳಿಯಲ್ಲ ಅಂತ ಕೆಲವರು ಹೇಳುತ್ತಾರೆ. ಒಲೆಯ ಮಟ್ಟಿಗೆ ಆ ಮಾತು ತಪ್ಪು.

ಎಲ್ಲ ಪ್ಲಾಸ್ಟಿಕ್ಕಿನಲ್ಲೂ ಕ್ಲೋರಿನ್ ಇರುವುದಿಲ್ಲ. ಪಿವಿಸಿಯಲ್ಲಿ ಮಾತ್ರ ತೂಕದ ಅರ್ಧಕ್ಕಿಂತ ಜಾಸ್ತಿ, ಸುಮಾರು ಶೇ. 57, ಕ್ಲೋರಿನ್ನೇ ಇದೆ. ಫ್ಲೆಕ್ಸ್ ಬ್ಯಾನರ್, ಪೈಪಿನ ತುಂಡು, ಕರೆಂಟ್ ವೈರಿನ ಸಿಪ್ಪೆ, ರೆಕ್ಸಿನ್ ಚೀಲ, ಕೆಲವು ರೇನ್‌ಕೋಟು, ಮೇಜಿಗೆ ಹಾಸುವ ಶೀಟು, ತೋಟದ ಹೋಸ್ ಪೈಪು ಎಲ್ಲ ಹೆಚ್ಚಾಗಿ ಪಿವಿಸಿ. ಗುರುತಿಸಲು ಒಂದು ಸುಲಭ ದಾರಿ ಇದೆ. ಸಣ್ಣ ತುಂಡು ಕತ್ತರಿಸಿ ನೀರಿಗೆ ಹಾಕಿ ಒತ್ತಿ ಬಿಡಿ. ಹಾಲಿನ ಕೊಟ್ಟೆ, ಬಕೆಟ್ಟಿನ ಪ್ಲಾಸ್ಟಿಕ್ ತೇಲುತ್ತದೆ. ಪಿವಿಸಿ ಮುಳುಗುತ್ತದೆ. ನೀರಿನ ಬಾಟಲಿಯ ತುಂಡೂ ಮುಳುಗುತ್ತದೆ, ಹಾಗಾಗಿ ಮುಳುಗಿದ್ದೆಲ್ಲ ಪಿವಿಸಿ ಅಲ್ಲ. ಆದರೂ ಮುಳುಗಿದ್ದನ್ನು ಬೆಂಕಿಯ ಹತ್ತಿರವೂ ತರಬೇಡಿ. ತ್ರಿಕೋನದ ಒಳಗೆ 3 ಅಂತ ಅಚ್ಚಾಗಿದ್ದರೆ ಅದು ಪಿವಿಸಿಯೇ.

ತೇಲಿದ್ದನ್ನು ಸುಡಬಹುದು ಅಂತ ಇದರರ್ಥ ಅಲ್ಲ. ಅದರ ಹೊಗೆಯೂ ಕೆಟ್ಟದ್ದು, ಒಲೆಯಲ್ಲಿ ಒಂದು ಪಿವಿಸಿ ತುಂಡು ಬೆರೆತರೂ ಡಯಾಕ್ಸಿನ್ ಹುಟ್ಟಲು ಸಾಕು.

ತಾಮ್ರಕ್ಕಾಗಿ ವೈರ್ ಸುಡುವುದು ಇದಕ್ಕಿಂತ ಕೆಟ್ಟದ್ದು. ತಾಮ್ರ ಇದ್ದಲ್ಲಿ ಡಯಾಕ್ಸಿನ್ ಹುಟ್ಟುವುದು ಇನ್ನೂ ಸುಲಭ. ಅದೇ ಕಾರಣಕ್ಕೆ ಮೈಲುತುತ್ತದ ಖಾಲಿ ಪ್ಲಾಸ್ಟಿಕ್ ಚೀಲವನ್ನೂ ಒಲೆಗೆ ಹಾಕಬೇಡಿ. ಮದ್ದು ಹೊಡೆದ ದಿನ ಕೊನೆಗೌಡರು (ಅಡಿಕೆ ಮರ ಹತ್ತುವವರು) ಬಿಟ್ಟುಹೋದ ಚೀಲ ಮರುದಿನ ಬಚ್ಚಲೊಲೆ ಸೇರುವುದು ನಮ್ಮಲ್ಲಿ ಮಾಮೂಲು. ವೈರಿನ ಸಿಪ್ಪೆಯನ್ನು ಚಾಕುವಿನಿಂದ ಸೀಳಿ ತೆಗೆಯಬಹುದು, ಗುಜರಿಯವರು ಸಿಪ್ಪೆ ಸಹಿತವೂ ತಗೊಳ್ಳುತ್ತಾರೆ.

ಇನ್ನು ಬೆಂಕಿ ಹತ್ತಿಸುವುದು ಹೇಗೆ? ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಎರಡು ಚೀಲ ಒಣ ಅಡಿಕೆ ಸಿಪ್ಪೆ, ಕಾಯಿಸಿಪ್ಪೆ, ಗರಟೆ ತುಂಬಿ ಹಂಡೆಯ ಒಲೆಯ ಬಿಸಿ ತಾಗುವ ಜಾಗದಲ್ಲಿಡಿ. ದರಕು, ಒಣ ಸೋಗೆ ಇದ್ದರೆ ಮತ್ತೂ ಒಳ್ಳೆಯದು. ನಾಳೆಯ ಕಟ್ಟಿಗೆಯನ್ನು ಇವತ್ತೇ ಒಲೆಯ ಪಕ್ಕ ಒರಗಿಸಿಡಿ. ಮನೆಯ ಹಿರಿಯರಿಗೆ ಡಯಾಕ್ಸಿನ್ ಬಗ್ಗೆ ಪಾಠ ಹೇಳಿದರೆ ಸಿಟ್ಟು ಬರುತ್ತದೆ. "ಅತ್ತೆ, ಒಣ ಸಿಪ್ಪೆ ಇಲ್ಲೇ ಇಟ್ಟಿದ್ದೇನೆ, ಇದನ್ನೇ ಹಾಕಿ, ಹೊಗೆ ಕಡಿಮೆ ಆಗ್ತದೆ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಪ್ಲಾಸ್ಟಿಕ್ಕಿನ ಚೀಲವನ್ನು ಬಚ್ಚಲುಮನೆಯಿಂದ ದೂರ ನೇತುಹಾಕಿ. ಕೈಗೆ ಸಿಗದಿದ್ದರೆ ಅರ್ಧ ಕೆಲಸ ಆದ ಹಾಗೆ.

ಬೂದಿ ಮರೆಯಬೇಡಿ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ, ಮಸಿಯಲ್ಲಿ ವಿಷ ಉಳಿದಿರುತ್ತದೆ. ಅದನ್ನು ಪಾತ್ರೆ ತಿಕ್ಕಲು, ಬಸಳೆ ಬುಡಕ್ಕೆ, ಗೊಬ್ಬರ ಗುಂಡಿಗೆ ಹಾಕಬೇಡಿ. ಬರೀ ಕಟ್ಟಿಗೆ, ಸಿಪ್ಪೆ ಉರಿಸಿದ ಬೂದಿ ಮೊದಲಿನ ಹಾಗೇ ಬಳಸಬಹುದು.

ಮೂರನೇ ಕೆಲಸ: ಕಡಲ ದಂಡೆಯ ಬೆಂಕಿ

ಕರಾವಳಿಯವರಿಗೆ ಇದು ಬೇರೆಯೇ ವಿಷಯ. ಹರಿದ ಬಲೆ, ಹಗ್ಗ, ಥರ್ಮಾಕೋಲ್ ಪೆಟ್ಟಿಗೆ, ದಡಕ್ಕೆ ಬಂದ ಕಟ್ಟಿಗೆ ಎಲ್ಲ ಗುಡ್ಡೆ ಮಾಡಿ ಸುಡುವ ರೂಢಿ ಇದೆ. ನೈಲಾನ್ ಬಲೆಯಲ್ಲಿ ಕ್ಲೋರಿನ್ ಇಲ್ಲದಿದ್ದರೂ ಅದಕ್ಕೆ ಹಿಡಿದ ಸಮುದ್ರದ ಉಪ್ಪಿನಲ್ಲಿ ಇದೆ. ಉಪ್ಪು ಹೀರಿದ ಕಟ್ಟಿಗೆ ಸುಟ್ಟರೂ ಡಯಾಕ್ಸಿನ್ ಜಾಸ್ತಿ ಹುಟ್ಟುತ್ತದೆ. ಹಾಗಾಗಿ ದಡಕ್ಕೆ ತೇಲಿ ಬಂದ ಕಟ್ಟಿಗೆ ಒಲೆಗೆ ಬೇಡ. ಬೇರೆ ದಾರಿಯೇ ಇಲ್ಲ ಅಂದರೆ ಒಂದು ಮಳೆಗಾಲ ಹೊರಗಿಟ್ಟು ಉಪ್ಪು ತೊಳೆದುಹೋಗಲು ಬಿಡಿ. ಹಳೆ ಬಲೆ ಗುಜರಿಗೆ ಹೋಗಲಿ.

ನಾಲ್ಕನೇ ಕೆಲಸ: ತಟ್ಟೆಯಲ್ಲಿ ಏನಿದೆ ನೋಡಿ

ಹೊಗೆಗಿಂತ ಜಾಸ್ತಿ ಡಯಾಕ್ಸಿನ್ ಮೈಗೆ ಬರುವುದು ಊಟದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶೇ. 90ಕ್ಕಿಂತ ಜಾಸ್ತಿ ಊಟದಿಂದಲೇ, ಅದರಲ್ಲೂ ಮಾಂಸ, ಹಾಲಿನ ಪದಾರ್ಥ, ಮೀನು, ಚಿಪ್ಪಿನಿಂದ. ಹೊಗೆಯಿಂದ ಎದ್ದದ್ದು ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲನ್ನು ದನ ಮೇಯುತ್ತದೆ, ಹಾಲಿನ ಕೊಬ್ಬಿಗೆ ಬರುತ್ತದೆ. ಇದನ್ನು ಓದಿ ಹಾಲು, ಮೀನು ಬಿಡುವುದು ಬೇಡ. ದನ ಮೇಯುವ ಬ್ಯಾಣದ ಹತ್ತಿರ, ಹುಲ್ಲು ಕೊಯ್ಯುವ ಜಾಗದಲ್ಲಿ ಕಸ ಸುಡುವುದನ್ನು ಬಿಡಿ.

ನಾಟಿ ಕೋಳಿ ಸಾಕುವವರು ಇದನ್ನು ಗಮನವಿಟ್ಟು ಓದಿ. ಕೋಳಿ ಇಡೀ ದಿನ ನೆಲ ಕೆದರಿ, ಮಣ್ಣು ಬೂದಿ ಸಹಿತ ಹೆಕ್ಕಿ ತಿನ್ನುತ್ತದೆ. ಪ್ಲಾಸ್ಟಿಕ್, ಕಸ ಸುಡುವ ಜಾಗದ ಹತ್ತಿರ ಬೆಳೆದ ಕೋಳಿಯ ಮೊಟ್ಟೆಯಲ್ಲಿ ಡಯಾಕ್ಸಿನ್ ಜಾಸ್ತಿ ಇರುವುದು ಬೇರೆ ಬೇರೆ ದೇಶಗಳಲ್ಲಿ ಕಂಡಿದೆ. ಹಿಂದೆ ಕಸ ಸುಡುತ್ತಿದ್ದ ಜಾಗಕ್ಕೆ ಬೇಲಿ ಹಾಕಿ, ಕೋಳಿ ಹೋಗದ ಹಾಗೆ ಮಾಡಿ. ಮಗುವಿಗೆ ಮೊಟ್ಟೆ ಕೊಡುವ ಮನೆಯಲ್ಲಿ ಇದನ್ನು ಮುಂದೂಡಬೇಡಿ.

ಮೀನಿನ ವಿಷಯದಲ್ಲಿ ನಮ್ಮ ಕರಾವಳಿಯ ಹಳೆ ರುಚಿಯೇ ಒಳ್ಳೆಯದು. ತಾರ್ಲೆ, ಬಂಗಡೆಯಂಥ ಸಣ್ಣ ಮೀನುಗಳು ಕಡಿಮೆ ವರ್ಷ ಬದುಕುತ್ತವೆ, ವಿಷ ಕೂಡಿಕೊಳ್ಳಲು ಅವಕಾಶ ಕಡಿಮೆ. ಮೋರಿ (ಶಾರ್ಕ್), ದೊಡ್ಡ ಇಸ್ವಾಣ ಬೇರೆ ಮೀನು ತಿಂದು ವರ್ಷಗಟ್ಟಲೆ ಬೆಳೆದವು. ಅವನ್ನು ಅಪರೂಪಕ್ಕೆ ಇಟ್ಟುಕೊಳ್ಳಿ, ಲಿವರ್ ಮತ್ತು ಹೊಟ್ಟೆಯ ಕೊಬ್ಬನ್ನು ತೆಗೆದುಹಾಕಿ. ಬಳಚು ಅನ್ನುವ ಚಿಪ್ಪು, ನೀರನ್ನು ಸೋಸಿ ತಿನ್ನುವ ಜೀವಿ. ಅಘನಾಶಿನಿಯ ತೆರೆದ ಅಳಿವೆಯದ್ದು ತಿನ್ನಿ, ಚರಂಡಿ ಬಂದು ಸೇರುವ ಜಾಗದ್ದು, ದೋಣಿ ರಿಪೇರಿ ಮಾಡುವ ಜಾಗದ್ದು ಬೇಡ.

ಹಿತ್ತಲಿಗೆ ಒಂದು ಮಾತು. ಸೌತೆ, ಕುಂಬಳ ಜಾತಿಯ ಬಳ್ಳಿಗಳು ಮಣ್ಣಿನಲ್ಲಿ ಉಳಿದ ಹಳೆ ಡಿಡಿಟಿಯಂಥ ವಿಷವನ್ನು ಬೇರಿನಿಂದ ಹೀರುವುದರಲ್ಲಿ ಬೇರೆ ಗಿಡಗಳಿಗಿಂತ ಮುಂದು. ಹಿಂದೆ ಔಷಧದ ಡಬ್ಬಿ ಇಡುತ್ತಿದ್ದ, ಪಂಪ್ ತೊಳೆಯುತ್ತಿದ್ದ ಜಾಗದಲ್ಲಿ ಮೊಗೆಕಾಯಿ ಬಳ್ಳಿ ಹಬ್ಬಿಸಬೇಡಿ. ಗೆಡ್ಡೆಗಳನ್ನು ಬೆಳೆಯುವುದೂ ಬೇಡ. ಅಲ್ಲಿ ಹೂವಿನ ಗಿಡ ಇರಲಿ.

ಐದನೇ ಕೆಲಸ: ಒರಲೆ ಔಷಧ, ಹೇನಿನ ಔಷಧ, ಟಿಸಿ ಎಣ್ಣೆ

ಹೊಸ ಮನೆ ಕಟ್ಟುವಾಗ ಪಾಯಕ್ಕೆ ಒರಲೆ ಔಷಧ ಸುರಿಯುತ್ತಾರೆ. ಹಿಂದೆ ಆಲ್ಡ್ರಿನ್, ಲಿಂಡೇನ್ ಹಾಕುತ್ತಿದ್ದರು. ಈಗ ಯಾವುದು ಹಾಕುತ್ತೀರಿ ಅಂತ ಕಂಟ್ರಾಕ್ಟರಲ್ಲಿ ಬರೆಸಿಕೊಳ್ಳಿ. ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಒಪ್ಪಂದದ ಪಟ್ಟಿಗೆ ಬಂದಿದೆ. ನಮ್ಮ ಚಿರೆಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ, ಬಾವಿ ಹತ್ತಿರ ಇದ್ದರೆ ಮಣ್ಣಿಗೆ ಸುರಿಯುವ ಪದ್ಧತಿಯೇ ಬೇಡ.

ಹೇನು, ತುರಿಕಜ್ಜಿಯ ಹಳೆ ಲೋಶನ್ ಬಾಟಲಿ ಮನೆಯಲ್ಲಿದ್ದರೆ ಹೆಸರು ಓದಿ. ಗಾಮಾ ಬೆಂಜಿನ್ ಹೆಕ್ಸಾಕ್ಲೋರೈಡ್ ಅಂತ ಇದ್ದರೆ ಅದು ಲಿಂಡೇನ್. ಚಿಕ್ಕ ಮಕ್ಕಳಿಗೆ ಅದರಿಂದ ಫಿಟ್ಸ್ ಬಂದದ್ದಿದೆ. ಪರ್ಮೆಥ್ರಿನ್‌ನಂಥ ಬೇರೆ ಔಷಧವನ್ನು ಡಾಕ್ಟರಲ್ಲಿ ಕೇಳಿ.

ಹಳೆ ಟಿಸಿಗಳ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳ, ಎಣ್ಣೆಯಲ್ಲಿ ಪಿಸಿಬಿ ಇರಬಹುದು. ಯಾರಾದರೂ ಮಂಡಿನೋವಿಗೆ ಹಚ್ಚಿ, ತೊಲೆಗೆ ಬಳಿಯಿರಿ ಅಂತ ಕೊಟ್ಟರೆ ಬೇಡ ಅನ್ನಿ. ಟಿಸಿ ಸೋರುತ್ತಿದ್ದರೆ ಹೆಸ್ಕಾಂಗೆ ತಿಳಿಸಿ, ಕೆಳಗಿನ ಮಣ್ಣನ್ನು ಮಕ್ಕಳು ಮುಟ್ಟದಿರಲಿ.

ವಿಷ ಕುಡಿದರೆ, ಮೈಮೇಲೆ ಚೆಲ್ಲಿದರೆ

ಬಟ್ಟೆ ತೆಗೆದು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಹಾಲು, ಎಣ್ಣೆ, ತುಪ್ಪ ಕೊಡಬೇಡಿ. ನಮ್ಮಲ್ಲಿ ವಿಷಕ್ಕೆ ಹಾಲು ಕುಡಿಸುವ ನಂಬಿಕೆ ಇದೆ. ಆದರೆ ಈ ವಿಷಗಳು ಕೊಬ್ಬಿನೊಂದಿಗೆ ಇನ್ನೂ ಬೇಗ ಮೈಗೆ ಇಳಿಯುತ್ತವೆ. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನು ಅಥವಾ ಅದರ ಫೋಟೋವನ್ನು ಜೊತೆಗೆ ತಗೊಂಡು ಹೋಗಿ. ಎಂಡೋಸಲ್ಫಾನ್, ಎಂಡ್ರಿನ್ ಆದರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ, ತಡ ಮಾಡಬೇಡಿ.

ಆರನೇ ಕೆಲಸ: ಹೆಣ್ಣುಮಕ್ಕಳು, ಬಸುರಿಯರು, ಡಾಕ್ಟರು

ಬಸಿರಾದ ಮೇಲೆ ಒಂಬತ್ತು ತಿಂಗಳು ಜಾಗ್ರತೆ ಮಾಡಿದರೆ ಸಾಲದು. ತಾಯಿಯ ಕೊಬ್ಬಿನಲ್ಲಿರುವುದು ಅವಳು ಹುಡುಗಿಯಾಗಿದ್ದಾಗಿನಿಂದ ಸೇರಿದ್ದು. ಹತ್ತು ವರ್ಷದ ಮಗಳನ್ನು ಇವತ್ತು ಆ ಹೊಗೆಯಿಂದ ದೂರ ಇಟ್ಟರೆ ಮುಂದೆ ಅವಳ ಮಗುವಿಗೆ ಅದರ ಪ್ರಯೋಜನ.

ಎದೆಹಾಲಿನಲ್ಲಿ ಈ ವಿಷಗಳ ಅಂಶ ಇರುತ್ತದೆ ಅಂತ ಓದಿ ಕೆಲವು ತಾಯಂದಿರು ಹೆದರುತ್ತಾರೆ. ಹಾಲು ಬಿಡಿಸಬೇಡಿ. ಎದೆಹಾಲಿನ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಹಾಲುಣಿಸುವಾಗ ಊಟ ಬಿಟ್ಟು ಗಡಿಬಿಡಿಯಲ್ಲಿ ತೂಕ ಇಳಿಸುವುದು ಮಾತ್ರ ಬೇಡ. ಕೊಬ್ಬು ಕರಗಿದಾಗ ಅದರಲ್ಲಿದ್ದದ್ದು ರಕ್ತಕ್ಕೆ ಬರುತ್ತದೆ.

ಮೈ ಶುದ್ಧಿ ಮಾಡುತ್ತೇವೆ ಅಂತ ಮಾರುವ ಜ್ಯೂಸು, ಪುಡಿ, ಪಾದಕ್ಕೆ ಹಚ್ಚುವ ಪಟ್ಟಿಗಳಿಗೆ ದುಡ್ಡು ಹಾಕಬೇಡಿ. ಡಯಾಕ್ಸಿನ್, ಡಿಡಿಟಿಯನ್ನು ಅವು ತೆಗೆಯುವುದಿಲ್ಲ. ಊರಿನ ಲ್ಯಾಬಿನಲ್ಲಿ ಇವನ್ನು ಅಳೆಯುವ ರಕ್ತಪರೀಕ್ಷೆಯೂ ಸಿಗುವುದಿಲ್ಲ. ವೈರ್ ಸುಡುವ ಕೆಲಸ, ಟಿಸಿ ರಿಪೇರಿ, ವರ್ಷಗಟ್ಟಲೆ ಔಷಧ ಹೊಡೆದದ್ದು ಇದ್ದರೆ ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಿ. ಲಿವರ್, ಥೈರಾಯ್ಡ್ ನೋಡಬೇಕಾ ಅಂತ ಅವರು ತೀರ್ಮಾನ ಮಾಡುತ್ತಾರೆ. ಕೇಳದೆ ಇದನ್ನು ಹೇಳುವವರು ಕಡಿಮೆ, ಕೇಳುವ ಡಾಕ್ಟರೂ ಕಡಿಮೆ.

ಕೊನೆಯ ಕೆಲಸ: ಪಂಚಾಯತಿಗೆ ಹೋಗಿ

ನಿಮ್ಮ ಮನೆಯಲ್ಲಿ ಸುಡದಿದ್ದರೂ ಪಕ್ಕದ ಕಸದ ಗುಡ್ಡೆಯ ಹೊಗೆ ನಿಮ್ಮ ಹುಲ್ಲಿನ ಮೇಲೇ ಕೂರುತ್ತದೆ. ಬಯಲಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿಯಮಗಳು ತಡೆಯುತ್ತವೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಣ್ಣ ಪ್ರಮಾಣದ ಸುಡುವಿಕೆಗೆ 5,000 ರೂಪಾಯಿ, ದೊಡ್ಡ ಗುಡ್ಡೆಗೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ದಂಡದ ಮಾತನ್ನು ನೆರೆಮನೆಯವರ ಜೊತೆ ಮೊದಲೇ ಎತ್ತಬೇಡಿ, ಜಗಳ ಆಗುತ್ತದೆ. ಪಿಡಿಒ ಹತ್ತಿರ ಎತ್ತಿ. ಪ್ಲಾಸ್ಟಿಕ್ ತಗೊಂಡು ಹೋಗುವ ಗಾಡಿ ವಾರಕ್ಕೊಮ್ಮೆಯಾದರೂ ಬರಲಿ ಅಂತ ಗ್ರಾಮಸಭೆಯಲ್ಲಿ ಬರೆಸಿ. ಗಾಡಿ ಬಾರದ ಊರಿನಲ್ಲಿ ಸುಡಬೇಡಿ ಅಂತ ಹೇಳಿ ಪ್ರಯೋಜನ ಇಲ್ಲ. ಚುನಾವಣೆ, ಜಾತ್ರೆ, ಯಕ್ಷಗಾನದ ಫ್ಲೆಕ್ಸು ಕಟ್ಟಿದವರೇ ಬಿಚ್ಚಿ ವಾಪಸು ಒಯ್ಯಬೇಕು ಅಂತಲೂ ಅಲ್ಲೇ ನಿರ್ಣಯ ಮಾಡಿಸಬಹುದು. ಬಟ್ಟೆಯ ಬ್ಯಾನರ್ ಬರೆಯುವವರು ಇನ್ನೂ ಇದ್ದಾರೆ.

ಎಂಡೋಸಲ್ಫಾನ್‌ನಿಂದ ತೊಂದರೆ ಆದವರನ್ನು ದಕ್ಷಿಣ ಕನ್ನಡ, ಉಡುಪಿಯಂತೆ ನಮ್ಮ ಜಿಲ್ಲೆಯಲ್ಲೂ ಗುರುತಿಸಿ ಸರ್ಕಾರ ಮಾಸಾಶನ ಕೊಡುತ್ತಿದೆ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಗೇರು ತೋಟದ ಹತ್ತಿರ ಬೆಳೆದ, ಹುಟ್ಟಿನಿಂದ ಅಂಗವೈಕಲ್ಯ ಇರುವ ಮಕ್ಕಳು, ದೊಡ್ಡವರು ಇದ್ದು ಅವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ತಾಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಅಂಗವೈಕಲ್ಯದ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡು, ಹಿಂದಿನ ಚಿಕಿತ್ಸೆಯ ಕಾಗದ, ಯಾವ ತೋಟದ ಹತ್ತಿರ ಯಾವ ವರ್ಷಗಳಲ್ಲಿ ವಾಸ ಇದ್ದರು ಅನ್ನುವ ವಿವರ ಎಲ್ಲ ಒಂದೇ ಫೈಲಿನಲ್ಲಿಡಿ. ಅರ್ಜಿ ಕೊಟ್ಟಮೇಲೆ ಸ್ವೀಕೃತಿ ಸಹಿ, ಮೊಹರು ಹಾಕಿಸಿಕೊಂಡೇ ಬನ್ನಿ.